ಹತ್ತು ಮಂದಿ ಫುಲಾನಾ, ಒಬ್ಬಳು ಮಬ್ರೂಕಾ

ಬೀರ್ ಲೌಜ್
ಶನಿವಾರ, 20 ಏಪ್ರಿಲ್ 2019

ನನ್ನ ಮುದ್ದಿನ ತಂಗಿ ನಜೀಹಾಳಿಗೆ,

ನಿನ್ನ ಅಕ್ಕ ಮಬ್ರೂಕಾಳ ಸಲಾಮುಗಳು. ನೀನು, ನಿನ್ನ ಯಜಮಾನರು, ಮೊಮ್ಮಕ್ಕಳು ಎಲ್ಲ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ನಂಬಿದ್ದೇನೆ ಅಂದರೂ, ಬಿಜರ್ತಾದಲ್ಲಿ ಗಾಳಿ ಜೋರು ಎಂದು ರೇಡಿಯೊದಲ್ಲಿ ಹೇಳಿದಾಗಿನಿಂದ ನಿನ್ನ ಮಾಳಿಗೆಯ ಮೇಲಿನ ನೀರಿನ ತೊಟ್ಟಿಯದೇ ಯೋಚನೆ. ಅದಕ್ಕೆ ಹಗ್ಗ ಬಿಗಿಸಿದ್ದೀಯಾ?

ಕಾಗದ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ದೊಡ್ಡ ಈದ್‌ಗೆ ನೀನು ಬಂದಾಗ, ಇನ್ನು ಮೇಲೆ ನಾನೇ ನನ್ನ ಕೈಯಾರೆ ಬರೆಯುತ್ತೇನೆ ಎಂದು ಕೊಚ್ಚಿಕೊಂಡಿದ್ದೆ. ಎಂಟು ತಿಂಗಳಾಯಿತು. ಏಳು ಸಲ ಶುರು ಮಾಡಿದೆ. ಒಂದರ ಮೇಲೆ ಎಣ್ಣೆ ಬಿತ್ತು, ಒಂದನ್ನು ಆಡು ತಿಂದಿತು, ಉಳಿದವನ್ನು ನಾನೇ ಹರಿದೆ. ಇದು ಎಂಟನೆಯದು, ಒಂಬತ್ತು ದಿನದಿಂದ ಬರೆಯುತ್ತಿದ್ದೇನೆ. ತಪ್ಪಿದ್ದರೆ ಕೆಂಪು ಪೆನ್ನು ಹಿಡಿಯಬೇಡ. ನೀನು ಮೂವತ್ತು ವರ್ಷ ಟೀಚರಾಗಿದ್ದವಳು, ನಿನ್ನ ಕೈ ಸುಮ್ಮನಿರುವುದಿಲ್ಲ ಎಂದು ನನಗೆ ಗೊತ್ತು.

ಮೊದಲು ನನ್ನ ಕನಸು ಹೇಳಿಬಿಡುತ್ತೇನೆ. ಹೇಳದೆ ಒಳಗೇ ಇಟ್ಟುಕೊಂಡರೆ ನಿಜವಾದೀತು. ಗುರುವಾರದ ಸಂತೆ. ಪುರಸಭೆಯಲ್ಲಿ ಜನನಪತ್ರ ಕೊಡುವ ಕಿಟಕಿಯ ಮುಂದಿರ್, ಊರೆಲ್ಲ ಗೌರವದಿಂದ ಸಿ ಮುಂದಿರ್ ಅನ್ನುವವರು, ನಿನಗೆ ನೆನಪಿರಬೇಕು, ದಪ್ಪ ಮೀಸೆ, ಸಣ್ಣ ದನಿ, ಅವರು ಟೊಮೆಟೊ ಮಾರುವವನ ಕೈಯಿಂದ ಮೈಕು ಕಿತ್ತುಕೊಂಡು ನನ್ನ ಅರ್ಜಿ ಓದುತ್ತಿದ್ದಾರೆ. ಸಂತೆಯ ಜನ ಒಬ್ಬೊಬ್ಬರಾಗಿ ಬಂದು ನಾನು ಹೊದ್ದಿದ್ದ ಬಿಳಿ ಸಫ್ಸಾರಿಯ ಮೇಲೆ ಕೆಂಪು ಗೀಟು ಎಳೆದು ಹೋಗುತ್ತಾರೆ. ಮೀನಿನವನು ಎರಡು ಗೀಟು ಎಳೆದ. ನಾನು ‘ಅಯ್ಯೋ, ಒಗೆದರೆ ಹೋಗುತ್ತಾ?’ ಎಂದು ಕೇಳುತ್ತೇನೆ, ಇನ್ನೊಬ್ಬ ಬಂದು ಗೀಟು ಎಳೆಯುತ್ತಾನೆ. ಎದ್ದು ಹೇಳಿದರೆ ಲಝ್ಹರ್ ಅಂದ, ‘ಕನಸಿನಲ್ಲಿ ಕೂಡ ಬಟ್ಟೆಯದೇ ಚಿಂತೆಯಾ ನಿಂಗೆ? ಮಲ್ಕೋ ಮಾರಾಯ್ತಿ.’ ನನ್ನ ಗಂಡನಿಗೆ ಕೆಟ್ಟುಹೋದ ಪಂಪುಗಳ ಚಿಂತೆ ಬಿಟ್ಟರೆ ಬೇರೆ ಚಿಂತೆ ದೇವರು ಕೊಟ್ಟಿಲ್ಲ. ಅವನ ಪಾಲಿನದನ್ನೂ ನಾನೇ ಮಾಡುತ್ತೇನೆ.

ಆ ಅರ್ಜಿಯ ಕಥೆಯನ್ನು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಈಗ ಮೊದಲಿನಿಂದ ಕೇಳು.

ಮೂರು ವರ್ಷದಿಂದ ನಾನು ದೊಡ್ಡವರ ಓದಿನ ತರಗತಿಗೆ ಹೋಗುತ್ತಿರುವುದು ನಿನಗೆ ಗೊತ್ತು. ಪುರಸಭೆಯ ಹಿಂದಿನ ಹಾಲ್. ನಾವು ಹನ್ನೊಂದು ಹೆಂಗಸರು. ಪಾಠ ಹೇಳುವ ಶಿರಾಜ್‌ಗೆ ಇಪ್ಪತ್ತಾರು ವರ್ಷ, ನಮ್ಮಲ್ಲಿ ಕೆಲವರ ಮೊಮ್ಮಗಳಾಗಬಹುದು, ನಮ್ಮನ್ನು ಚಿಕ್ಕಮ್ಮ ಎಂದು ‘ಖಾಲ್ತಿ’ ಅನ್ನುತ್ತಾಳೆ, ಆದರೂ ನಾವೆಲ್ಲ ಅವಳನ್ನು ಟೀಚರಮ್ಮ ಅನ್ನುವ ಹಾಗೆ ‘ಆನಿಸಾ’ ಎಂದೇ ಕರೆಯುತ್ತೇವೆ, ಕೈ ಎತ್ತಿಯೇ ಮಾತಾಡುತ್ತೇವೆ. ಈ ವರ್ಷ ಜೂನ್‌ನಲ್ಲಿ ದೊಡ್ಡವರಿಗಾಗಿ ಪ್ರಾಥಮಿಕ ಶಾಲೆಯ ಪರೀಕ್ಷೆ ಇದೆ. ‘ಖಾಲ್ತಿ ಮಬ್ರೂಕಾ, ನೀವು ಕೂತ್ಕೊಳ್ಳಲೇಬೇಕು’ ಎಂದು ಆನಿಸಾ ಅಕ್ಟೋಬರ್‌ನಿಂದ ಹಿಂದೆ ಬಿದ್ದಿದ್ದಾಳೆ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನನ್ನ ತಲೆ ನಿನಗೆ ಗೊತ್ತಲ್ಲ. ‘ನಜೀಹಾಗೆ ತಲೆ, ಮಬ್ರೂಕಾಗೆ ಕೈ’ ಎಂದು ಬಾಬಾ ಹೇಳುತ್ತಿದ್ದರಲ್ಲ. ನಾಲ್ಕನೇ ತರಗತಿಯಲ್ಲಿ ನನ್ನನ್ನು ಬಿಡಿಸಿದ್ದೇ ತಲೆಗೆ ಹತ್ತುವುದಿಲ್ಲ ಎಂದು. ಐವತ್ತೇಳು ವರ್ಷಕ್ಕೆ ಹೋಗಿ ಅದನ್ನು ಊರ ಮುಂದೆ ಇನ್ನೊಂದು ಸಲ ಸಾಬೀತು ಮಾಡಿ ಬರಬೇಕೇ ಎಂದು ನನ್ನ ಅಳುಕು.

ಹೀಗಿರುವಾಗ ಜನವರಿ ಕೊನೆಗೆ ಹಾಲ್‌ನ ಬಾಗಿಲಿಗೆ ಒಂದು ಚೀಟಿ ಅಂಟಿಸಿದರು. ಓದುವವರಿಲ್ಲದ ಕಾರಣ ಮಾರ್ಚ್ 31ರಿಂದ ತರಗತಿ ಮುಚ್ಚಲಾಗುವುದು. ನಾವು ಹನ್ನೊಂದು ಜನ ಬಾಗಿಲಲ್ಲಿ ನಿಂತು ಒಬ್ಬರ ಹೆಗಲ ಮೇಲಿಂದ ಒಬ್ಬರು ಅದನ್ನು ಓದಿದೆವು. ಎಪ್ಪತ್ತೊಂದು ವರ್ಷದ ಖಾಲ್ತಿ ಝಾರಾ, ಬಾಯಿ ಗೊತ್ತಲ್ಲ, ಹೇಳಿದಳು:

‘ಓದೋರಿಲ್ಲ ಅಂತ ಬರ್ದವ್ರೆ. ಮತ್ತೆ ಇದನ್ನ ಯಾರು ಓದ್ಲಿ ಅಂತ ಅಂಟಿಸಿದ್ರು? ಗೋಡೆ ಓದುತ್ತಾ?’

ನಕ್ಕೆವು. ಆಮೇಲೆ ಮುಖ ಸಪ್ಪಗೆ ಮಾಡಿಕೊಂಡು ಪುಸ್ತಕ ಕಟ್ಟಿದೆವು. ನನಗೆ ಒಳಗೊಳಗೇ ಸಮಾಧಾನವೂ ಆಯಿತು ಎಂದರೆ ನಂಬುತ್ತೀಯಾ? ತರಗತಿಯೇ ಇಲ್ಲದಿದ್ದರೆ ಪರೀಕ್ಷೆಯೂ ಇಲ್ಲ. ಆ ಸಮಾಧಾನಕ್ಕೆ ನನಗೇ ನಾಚಿಕೆಯಾಗಿ, ಮನೆಗೆ ಬಂದು ಹಿಟ್ಟು ನಾದುತ್ತಾ ಅತ್ತೆ.

ಮಾರನೇ ದಿನ ಆನಿಸಾ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ‘ಕಾನೂನು ಇದೆ. ಯಾಕೆ ಅಂತ ಕೇಳೋ ಹಕ್ಕು ಎಲ್ಲರಿಗೂ ಇದೆ. ಕಾಗದದ ನಕಲು ಕೇಳಬಹುದು, ಇಪ್ಪತ್ತು ದಿನದಲ್ಲಿ ಉತ್ತರ ಕೊಡಲೇಬೇಕು. ಇವತ್ತಿನ ಪಾಠ ಅದೇ’ ಎಂದು ಹಲಗೆಯ ಮೇಲೆ ಒಂದು ಮಾದರಿ ಅರ್ಜಿ ಬರೆದಳು. ತರಗತಿಯನ್ನು ಮುಚ್ಚಲು ಆಧಾರವೇನು, ಆ ವರದಿಯ ನಕಲು ಕೊಡಿ. ಅಷ್ಟೇ. ಅರ್ಜಿದಾರಳ ಹೆಸರಿನ ಜಾಗದಲ್ಲಿ ‘ಫುಲಾನಾ, ಫುಲಾನನ ಮಗಳು’ ಎಂದು ಬರೆದಳು, ಇಂಥವಳು, ಇಂಥವನ ಮಗಳು ಎಂದ ಹಾಗೆ. ಗುರುತಿನ ಚೀಟಿಯ ಸಂಖ್ಯೆಗೆ ಒಂದರಿಂದ ಎಂಟರವರೆಗೆ ಸಾಲಾಗಿ ಅಂಕಿ ಹಾಕಿದಳು. ಅಷ್ಟರಲ್ಲಿ ಅವಳಿಗೆ ಫೋನ್ ಬಂತು, ಹೊರಗೆ ಹೋದಳು.

ಈಗ ನೀನು ನಗಬಾರದು. ಮೂರು ವರ್ಷದಿಂದ ನಮಗೆ ಅವಳು ಕಲಿಸಿದ್ದು ಒಂದೇ: ಹಲಗೆಯ ಮೇಲೆ ಏನಿದೆಯೋ ಅದನ್ನು ಚುಕ್ಕೆ ಕೂಡ ಬಿಡದೆ ಇಳಿಸಿಕೊಳ್ಳಿ. ಇಳಿಸಿಕೊಂಡೆವು. ಮಡಚಿದೆವು. ಆನಿಸಾ ಫೋನಿನಲ್ಲೇ ಇದ್ದಳು, ಅವಳನ್ನು ಕಾಯಿಸುವುದು ಯಾಕೆ ಎಂದು ಝಾರಾ ಎಲ್ಲವನ್ನೂ ಒಟ್ಟುಗೂಡಿಸಿ, ಕುಂಟುತ್ತಾ ಹೋಗಿ ಸಿ ಮುಂದಿರ್‌ನ ಕಿಟಕಿಯಲ್ಲಿ ಕೊಟ್ಟು, ಮೊಹರು ಹಾಕಿಸಿಕೊಂಡು ಬಂದಳು!

ಹತ್ತು ಮಂದಿ ಫುಲಾನಾ, ಫುಲಾನನ ಮಗಳು. ಹತ್ತಕ್ಕೂ ಒಂದೇ ಚೀಟಿ ಸಂಖ್ಯೆ.

ಹನ್ನೊಂದನೆಯದು ನನ್ನದು. ನಾನೂ ಇಳಿಸಿಕೊಂಡಿದ್ದೆ. ಆದರೆ ಸರ್ಕಾರಕ್ಕೆ ಸುಳ್ಳು ಹೆಸರು ಕೊಟ್ಟರೆ ಜೈಲೇನೋ ಎಂದು ಹೆದರಿ, ಕೆಳಗೆ ನನ್ನ ಹೆಸರು ಸೇರಿಸಿದೆ. ಹೆಸರು ಮಾತ್ರ ಸಾಲದೇನೋ ಎಂದು ಬಾಬಾನ ಹೆಸರು, ನಿಜವಾದ ಚೀಟಿ ಸಂಖ್ಯೆ, ಬೀದಿ. ಬೀದಿಯಲ್ಲಿ ಮನೆ ಗೊತ್ತಾಗದಿದ್ದರೆ ಎಂದು, ಎಣ್ಣೆ ಗಾಣ ದಾಟಿ ಎಡಕ್ಕೆ, ಹಸಿರು ಬಾಗಿಲು, ಮುಂದೆ ರೊಟ್ಟಿಯ ಒಲೆ.

ಸಂಜೆ ಇದನ್ನು ಕೇಳಿ ಲಝ್ಹರ್ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಬಾಗಿಲ ಬಣ್ಣನೂ ಬರ್ದು ಕೊಟ್ಟಿದ್ಯಲ್ಲೇ! ಬೀಗದ ಕೈ ಎಲ್ಲಿಡ್ತೀವಿ ಅಂತಾನೂ ಬರೀಬೇಕಿತ್ತು.’

ಅವನಿಗೆ ನಗು. ನನಗೆ ಹಳೆಯ ಸರ್ಕಾರದ ಕಾಲ ಕಣ್ಣಮುಂದೆ ಬಂತು. ಆಗ ಹೆಸರು ಎಲ್ಲಾದರೂ ಪಟ್ಟಿಯಲ್ಲಿ ಸೇರಿತು ಎಂದರೆ ಮನೆಯವರೆಲ್ಲ ಪಿಸುದನಿಯಲ್ಲಿ ಮಾತಾಡುತ್ತಿದ್ದೆವಲ್ಲ. ಆ ಕಾಲ ಹೋಗಿ ಎಂಟು ವರ್ಷವಾಯಿತು ಅಂತಾರೆ. ನನ್ನ ಹೊಟ್ಟೆಯೊಳಗಿನಿಂದ ಇನ್ನೂ ಹೋಗಿಲ್ಲ.

ಐದನೇ ದಿನ ಹಸಿರು ಬಾಗಿಲು ತಟ್ಟಿದ ಸದ್ದಾಯಿತು. ಸಿ ಮುಂದಿರ್. ಕಂಕುಳಲ್ಲಿ ಕಡತ. ನನ್ನ ಕೈ ಹಿಟ್ಟಿನಲ್ಲಿತ್ತು. ಒಳಗೆ ಕೂರಿಸಿ ಪುದೀನಾ ಚಹಾ ಇಟ್ಟೆ, ಬಿಸಿ ರೊಟ್ಟಿ, ಎಣ್ಣೆ, ಹರೀಸಾ ಖಾರದ ಚಟ್ನಿ ಇಟ್ಟೆ. ಜೈಲಿಗೆ ಕರೆದುಕೊಂಡು ಹೋಗಲು ಬಂದವರೂ ಬರಿ ಹೊಟ್ಟೆಯಲ್ಲಿ ಹೋಗಬಾರದು.

‘ಖಾಲ್ತಿ, ನಿಮ್ಮ ಹೆತ್ತವರ ಮೇಲೆ ದೇವರ ಕರುಣೆ ಇರ್ಲಿ,’ ಎಂದರು, ‘ಫುಲಾನ ಅನ್ನೋ ಮನುಷ್ಯನಿಗೆ ಹತ್ತು ಹೆಣ್ಣುಮಕ್ಕಳು. ಹತ್ತೂ ಜನಕ್ಕೂ ಒಂದೇ ಗುರುತಿನ ಚೀಟಿ. ಪಾಪ, ಮದುವೆ ಹೆಂಗ್ ಮಾಡ್ದನೋ! ಅವುಗಳನ್ನ ನಾನು ಪಕ್ಕಕ್ಕಿಟ್ಟೆ. ನಿಮ್ದೊಂದೇ ಕಣ್ರೀ ನನ್ನ ತಲೆನೋವು. ನಿಮ್ದು ಸರಿಯಾಗಿದೆ.’

‘ಸರಿಯಾಗಿದ್ಯಾ?’ ಅಂದೆ. ಹಿಂದೆ ಯಾರೂ ನನಗೆ ಆ ಮಾತು ಹೇಳಿದ ನೆನಪಿಲ್ಲ.

‘ಬೇಕಾದ್ದಕ್ಕಿಂತ ಜಾಸ್ತಿ ಸರಿಯಾಗಿದೆ. ಇದಕ್ಕೆ ಉತ್ತರ ಕೊಡಲೇಬೇಕು. ಕೊಟ್ಟರೆ ಮೇಲಿನೋರು ನನ್ನ ಮೇಲೆ, ಕೊಡದಿದ್ರೆ ಕಾನೂನು ನನ್ನ ಮೇಲೆ. ಈ ಮಾಹಿತಿ ಕೊಡೋ ಕೆಲಸಾನೂ ನನ್ನ ಕೊರಳಿಗೆ ಕಟ್ಟಿ ಎರಡು ವರ್ಷ ಆಯ್ತು. ಬಂದಿದ್ದು ನಾಲ್ಕೇ ಅರ್ಜಿ. ಮೂರು ಪತ್ರಿಕೆಯೋರ್ದು, ಒಂದು ದಾರಿ ತಪ್ಪಿ ಬಂದಿದ್ದು. ಸುಖವಾಗಿದ್ದೆ ಖಾಲ್ತಿ. ವಾಪಸ್ ತಗೊಂಡುಬಿಡಿ. ಇಬ್ಬರಿಗೂ ನಿದ್ದೆ ಬರುತ್ತೆ.’

ಕಡತದಿಂದ ಒಂದು ಕಾಗದ ತೆಗೆದು ಪೆನ್ನಿನ ಜೊತೆ ಮುಂದಿಟ್ಟರು. ಅರ್ಜಿ ಹಿಂಪಡೆಯುವ ಕಾಗದ. ಸಹಿ ಒಂದೇ ಬಾಕಿ.

ನಜೀಹಾ, ನಿನ್ನ ಹತ್ತಿರ ಏನು ಮುಚ್ಚುಮರೆ, ನಾನು ಸಹಿ ಹಾಕುವವಳಿದ್ದೆ. ಪೆನ್ನು ಹಿಡಿದಿದ್ದೆ. ಆದರೆ ಓದದೆ ಸಹಿ ಹಾಕಿದರೆ ಆನಿಸಾ ಬೈಯುತ್ತಾಳೆ. ಹಾಗಾಗಿ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದೆ. ನಿಧಾನ ನನ್ನದು. ಚಹಾ ಆರಿತು. ಸಿ ಮುಂದಿರ್ ಎರಡನೇ ರೊಟ್ಟಿ ಮುಗಿಸಿದರು. ಮೂರನೇ ಸಾಲಿಗೆ ಬಂದಾಗ ಜೋರಾಗಿಯೇ ಓದಿದೆ: ‘ನನಗೆ ಓದು ಬರಹ ಬಾರದ ಕಾರಣ, ವಿಷಯ ತಿಳಿಯದೆ ಅರ್ಜಿ ಸಲ್ಲಿಸಿರುತ್ತೇನೆ.’

ಪೆನ್ನನ್ನು ಕೆಳಗಿಟ್ಟೆ.

‘ಸಿ ಮುಂದಿರ್,’ ಅಂದೆ, ‘ಇದನ್ನ ಓದಿದೋಳು ಇದಕ್ಕೆ ಹೆಂಗೆ ಸಹಿ ಹಾಕ್ಲಿ?’

ಅವರ ಮೀಸೆಯ ಕೆಳಗೆ ಏನೋ ಅಲುಗಿತು. ಮೊದಲು ಮುಖ ಕೆಂಪಾಯಿತು, ಆಮೇಲೆ ನಗು ಬಂತು, ಎಂಥ ನಗು ಅಂದರೆ ರೊಟ್ಟಿ ನೆತ್ತಿಗೆ ಹತ್ತಿ ನಾನು ಎದ್ದು ಬೆನ್ನಿಗೆ ಗುದ್ದಬೇಕಾಯಿತು. ಆ ಕಾಗದವನ್ನು ಅವರೇ ಹರಿದರು. ‘ಉತ್ತರ ಬರುತ್ತೆ ಖಾಲ್ತಿ. ಇಪ್ಪತ್ತು ದಿನದೊಳಗೆ. ನನ್ನ ಮೇಲೆ ಯಾರು ಬೇಕಾದ್ರೂ ಬೀಳ್ಲಿ. ಇನ್ನೊಂದ್ ರೊಟ್ಟಿ ಇದ್ರೆ ಕೊಡಿ, ನನ್ನ ಹೆಂಡ್ತಿಗೆ.’

ಇಪ್ಪತ್ತು ದಿನ ನಾನು ಹೇಗೆ ಕಳೆದೆ ಎಂದು ಕೇಳಬೇಡ. ಶುಕ್ರವಾರ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂದು ಇಮಾಮರನ್ನು ಕೇಳಿದೆ. ಅವರು ‘ಪುಣ್ಯಕ್ಕೆ ಸೇರುತ್ತದೆ, ಪುರಸಭೆಗೆ ಗೊತ್ತಿಲ್ಲ’ ಅಂದರು. ಹದಿನೆಂಟನೇ ದಿನ ಬಂತು. ಕವರು ನನ್ನ ಹೆಸರಿಗೆ. ನನ್ನ ಇಡೀ ಆಯುಷ್ಯದಲ್ಲಿ ನನ್ನ ಹೆಸರಿಗೆ ಬಂದ ಮೊದಲ ಕಾಗದ. ಒಡೆಯಲು ಧೈರ್ಯವಾಗದೆ ತರಗತಿಗೆ ಒಯ್ದೆ. ‘ನೀವೇ ಓದಿ’ ಎಂದಳು ಆನಿಸಾ. ಎದ್ದು ನಿಂತು ಓದಿದೆ. ತಪಾಸಣೆಯ ದಿನ, ಡಿಸೆಂಬರ್ 11. ಸಮಯ, ಬೆಳಿಗ್ಗೆ ಹತ್ತು. ಹಾಜರಿದ್ದವರು, ಮೂವರು.

ಆಗ ಎದ್ದ ಗಲಾಟೆ ನಿನಗೆ ಬಿಜರ್ತಾದಲ್ಲಿ ಕೇಳಿಸಿರಬೇಕು. ಡಿಸೆಂಬರ್! ಬೆಳಿಗ್ಗೆ ಹತ್ತು! ಆಲಿವ್ ಕೀಳುವ ತಿಂಗಳಲ್ಲಿ ಆ ಹೊತ್ತಿಗೆ ಬೀರ್ ಲೌಜ್‌ನಲ್ಲಿ ಕೋಳಿ ಬಿಟ್ಟರೆ ಯಾರಿರುತ್ತಾರೆ? ಆ ಎರಡು ತಿಂಗಳು ನಮ್ಮ ಪಾಠ ಸಂಜೆ, ತೋಪಿನಿಂದ ಬಂದು ಕೈ ತೊಳೆದ ಮೇಲೆ. ಊರಿಗೆಲ್ಲ ಗೊತ್ತು. ತಪಾಸಣೆಗೆ ಬಂದವನಿಗೆ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

‘ಮೂವರು ಅಂತ ಬರ್ದವ್ನಲ್ಲ,’ ಎಂದಳು ಝಾರಾ, ‘ನಾನಿದ್ದೆ, ಮೊಣಕಾಲು ನೋವು ಅಂತ ತೋಪಿಗೆ ಹೋಗ್ದೆ ಹಾಲ್ ಒಳಗೆ ಕೂತಿದ್ದೆ. ಬಸುರಿ ಸಮೀರಾ ಇದ್ಲು. ಮೂರನೆಯೋಳು ಯಾವೋಳು?’

‘ನೀನು ನಿದ್ದೆ ಮಾಡ್ತಿದ್ದೆ ಖಾಲ್ತಿ,’ ಎಂದಳು ಸಮೀರಾ, ‘ನಿನ್ನನ್ನ ಲೆಕ್ಕಕ್ಕೆ ತಗೊಂಡಿದ್ದೇ ಹೆಚ್ಚು.’

ಅವತ್ತು ಆನಿಸಾ ಹಲಗೆಯನ್ನು ಪೂರ್ತಿ ಒರೆಸಿದಳು. ‘ಇವತ್ತು ಏನೂ ಬರೆಯಲ್ಲ ನಾನು. ಒಬ್ಬೊಬ್ಬರಿಗೂ ಏನು ಗೊತ್ತಾಗಬೇಕೋ ಅದನ್ನ ನೀವೇ ಕೇಳಿ. ನಿಮ್ಮ ನಿಮ್ಮ ಹೆಸರಲ್ಲಿ. ನಿಮ್ಮ ನಿಮ್ಮ ಅಪ್ಪಂದಿರ ಮಕ್ಕಳಾಗಿ!’ ಖಾಲಿ ಹಲಗೆ ನೋಡಿ ಎಲ್ಲರೂ ಮಂಕಾದರು. ಕಾಲು ಗಂಟೆ ಯಾರ ಪೆನ್ನೂ ಅಲುಗಲಿಲ್ಲ. ಆಮೇಲೆ ಸಮೀರಾ ಶುರು ಮಾಡಿದಳು, ಅವಳನ್ನು ನೋಡಿ ಮಿಕ್ಕವರು. ಝಾರಾ ಕೇಳಿದ್ದು ಮೂರನೆಯವಳು ಯಾರು ಎಂದೇ. ಸಮೀರಾ ಕೇಳಿದ್ದು ಒಂದು ತರಗತಿಯನ್ನು ಮುಚ್ಚುವ ಮುಂಚೆ ಎಷ್ಟು ಸಲ ಬಂದು ನೋಡಬೇಕೆಂದು ನಿಯಮವಿದೆ ಎಂದು. ನಮ್ಮ ಪುಣ್ಯ ಅವಳ ಪೆನ್ನಿನಲ್ಲಿತ್ತು. ಬೇರೆ ಬೇರೆ ತಿಂಗಳಲ್ಲಿ ಎರಡು ಸಲ ನೋಡಬೇಕು ಎಂದು ಅವಳಿಗೆ ಉತ್ತರ ಬಂತು, ಅವರದೇ ನಿಯಮ. ಅವರು ನೋಡಿದ್ದು ಒಂದೇ ಸಲ. ಝಾರಾಗೂ ಉತ್ತರ ಬಂತು. ಮೂರನೆಯವಳು ಹಾಲ್ ಗುಡಿಸಲು ಬಂದಿದ್ದ ಹೆಂಗಸು. ಆ ಹೆಂಗಸು, ಹೆಸರು ತೌನಿಸಾ, ಇದನ್ನು ಕೇಳಿ ‘ಹೆಂಗೂ ಲೆಕ್ಕಕ್ಕೆ ಸೇರ್ಸಿಬಿಟ್ಟಿದಾರೆ’ ಎಂದು ಮಾರನೇ ದಿನದಿಂದ ಪುಸ್ತಕ ಹಿಡಿದು ತರಗತಿಗೇ ಬಂದು ಕುಳಿತಳು.

ಮಾರ್ಚ್ 14ಕ್ಕೆ ಎರಡನೇ ತಪಾಸಣೆ. ಅಷ್ಟರಲ್ಲಿ ನಾವು ಹತ್ತೊಂಬತ್ತು ಜನ ಆಗಿದ್ದೆವು. ಬಂದವನು ಎಳೆಯ ಹುಡುಗ, ಬೆವರು ಒರೆಸಿಕೊಳ್ಳುತ್ತಾ ಎಣಿಸಿದ. ಝಾರಾ ಕೈ ಎತ್ತಿ, ‘ಮಗಾ, ನಾನು ಎಚ್ಚರ ಇದೀನಿ, ಬರ್ಕೋ’ ಅಂದಳು. ವಾರದೊಳಗೆ ಬಾಗಿಲಿಗೆ ಹೊಸ ಚೀಟಿ: ತರಗತಿ ಮುಂದುವರಿಯುವುದು. ನಾವು ಹತ್ತೊಂಬತ್ತೂ ಜನ ಪುರಸಭೆಯ ಮೆಟ್ಟಿಲ ಮೇಲೆ ನಿಂತು ಮದುವೆ ಮನೆಯಲ್ಲಿ ಕೂಗುವ ಹಾಗೆ ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದೆವು. ಒಳಗಿನಿಂದ ಗುಮಾಸ್ತರು ‘ಯಾರ ಮದುವೆ?’ ಎಂದು ಓಡಿ ಬಂದರು. ಸಿ ಮುಂದಿರ್ ಕಿಟಕಿಯಲ್ಲಿ ನಿಂತು ಮೀಸೆ ಒರೆಸಿಕೊಂಡರು, ಕಣ್ಣನ್ನೂ ಒರೆಸಿಕೊಂಡರು ಎಂದು ಸಮೀರಾ ಹೇಳುತ್ತಾಳೆ. ನಾನು ಅವತ್ತು ನಲವತ್ತು ರೊಟ್ಟಿ ಸುಟ್ಟು ಬೀದಿಗೆಲ್ಲ ಹಂಚಿದೆ. ಸಂತೋಷ ಹೆಚ್ಚಾದರೂ ನನಗೆ ಭಯವೇ ನೋಡು, ಒಲೆಯಲ್ಲಿ ಬೆಂಕಿ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ಹೋಗಿ ಬಂದೆ.

ಇನ್ನು ಊರಿನ ಕಥೆ ಕೇಳು. ನಮ್ಮೂರಿನಲ್ಲಿ ಯಾರಾದರೂ ಅಂಗಳಕ್ಕೆ ದಾಳಿಂಬೆ ಗಿಡ ಹಾಕಿದರೆ ಆ ವರ್ಷ ಇಡೀ ಬೀದಿಗೆ ದಾಳಿಂಬೆ. ಈ ವರ್ಷ ಅರ್ಜಿ. ಬೀದಿ ದೀಪ ಯಾಕೆ ಉರಿಯಲ್ಲ ಎಂದು ಕಟುಕ ಕೇಳಿದ. ಶಾಲೆಯ ಚಾವಣಿಗೆ ಬಂದ ಸುಣ್ಣ ಎಲ್ಲಿ ಹೋಯಿತು ಎಂದು ಇಬ್ಬರು ತಾಯಂದಿರು ಕೇಳಿದರು, ಸುಣ್ಣ ಮೂರೇ ದಿನದಲ್ಲಿ ತಾನಾಗಿ ಬಂದು ಚಾವಣಿಗೆ ಅಂಟಿಕೊಂಡಿತು! ಲಝ್ಹರ್ ಕೂಡ, ನನ್ನನ್ನು ನೋಡಿ ನಕ್ಕವನು, ಸಾರ್ವಜನಿಕ ಬಾವಿಯ ಪಂಪನ್ನು ಕೊನೆಯ ಸಲ ಯಾವಾಗ ರಿಪೇರಿ ಮಾಡಿದಿರಿ ಎಂದು ಕೇಳಿ ಬಾಗಿಲ ಬಣ್ಣವನ್ನೂ ಬರೆದು ಬಂದ. ಮನೆಮನೆಯಲ್ಲೂ ಅದೇ ಮಾತು. ಸೊಸೆ ಅತ್ತೆಗೆ, ‘ಮಾಂಸದ ದೊಡ್ಡ ತುಂಡು ಯಾರ ತಟ್ಟೆಗೆ ಹೋಯ್ತು ಅಂತ ಅರ್ಜಿ ಹಾಕ್ತೀನಿ, ಇಪ್ಪತ್ತು ದಿನದಲ್ಲಿ ಹೇಳ್ಬೇಕು’ ಅನ್ನುತ್ತಾಳೆ. ಒಬ್ಬ ತಾಯಿ ಮಾತ್ರ ನಿಜವಾಗಿಯೂ, ನನ್ನ ಮಗ ಯಾಕೆ ಮದುವೆಗೆ ಒಪ್ಪುತ್ತಿಲ್ಲ ಎಂದು ಬರೆದು ಕೊಟ್ಟಳಂತೆ. ‘ಈ ಮಾಹಿತಿ ನಮ್ಮ ಕಚೇರಿಯಲ್ಲಿ ಲಭ್ಯವಿಲ್ಲ’ ಎಂದು ಸಿ ಮುಂದಿರ್ ಮೊಹರು ಹಾಕಿ ಉತ್ತರ ಕೊಟ್ಟಿದ್ದಾರೆ.

ಎರಡು ವರ್ಷಕ್ಕೆ ನಾಲ್ಕು ಇದ್ದದ್ದು ಎರಡು ತಿಂಗಳಿಗೆ ಅರವತ್ಮೂರಾಯಿತು. ಈ ಲೆಕ್ಕ ರಾಜಧಾನಿಗೂ ಹೋಗಿ, ಎಲ್ಲೋ ತಪ್ಪಾಗಿದೆ ಎಂದು ಅಲ್ಲಿಂದ ಒಬ್ಬ ಮೇಡಂ ಬಂದರು. ಯಾವ ಊರಿನವರು ಎಷ್ಟು ಕೇಳುತ್ತಾರೆ, ಯಾರು ಕೇಳುತ್ತಾರೆ ಎಂದು ಲೆಕ್ಕ ಇಡುವುದೇ ಅವರ ಕೆಲಸವಂತೆ. ಸಿ ಮುಂದಿರ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಮೇಡಂ ನಮ್ಮ ತರಗತಿಗೂ ಬಂದು ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕುಳಿತರು.

‘ಬೇರೆ ಕಡೆ ಕೇಳೋರು ಪತ್ರಿಕೆಯವರು, ಸಂಘದವರು, ವಕೀಲರು. ಹೆಚ್ಚಿನೋರು ಗಂಡಸರು. ಇಲ್ಲಿ ಅರವತ್ಮೂರರಲ್ಲಿ ನಲವತ್ತೊಂದು ಹೆಂಗಸರು. ನಿಮ್ಮ ಹಿಂದೆ ಯಾವ ಸಂಘ ಇದೆ?’

‘ಮೊಣಕಾಲು ನೋವಿನ ಸಂಘ,’ ಎಂದಳು ಝಾರಾ.

ಮೇಡಂ ನಗುತ್ತಾ ಬರೆದುಕೊಂಡರು, ದೇವರೇ, ಅದನ್ನೂ ಬರೆದುಕೊಂಡರು! ಆಮೇಲೆ ಒಂದು ಮಾತು ಹೇಳಿದರು. ಎಲ್ಲ ಊರುಗಳಲ್ಲೂ ಒಬ್ಬರು ಹೆದರಿಕೊಂಡೇ ಮೊದಲು ಕೇಳುತ್ತಾರೆ. ಅವರಿಗೆ ಉತ್ತರ ಸಿಕ್ಕರೆ ಮರುವರ್ಷ ಹತ್ತು ಜನ ಕೇಳುತ್ತಾರೆ. ಸಿಗದಿದ್ದರೆ ಆ ಊರು ಮತ್ತೆ ಬಾಯಿ ಬಿಡುವುದಿಲ್ಲ. ‘ಇಲ್ಲಿ ಮೊದಲು ಕೇಳಿದವರು ಯಾರು?’ ಎಂದರು. ಹದಿನೆಂಟು ಬೆರಳು ನನ್ನ ಕಡೆ ತಿರುಗಿದವು. ನಾನು ‘ತಪ್ಪಾಯ್ತು’ ಅಂದುಬಿಟ್ಟೆ, ಅಭ್ಯಾಸ ನೋಡು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಇಷ್ಟು ಸಂತೋಷವಾಗಿದ್ದೇನೆ ನಜೀಹಾ, ಇದರ ಹಿಂದೆ ಏನಾದರೂ ಕೆಟ್ಟದ್ದು ಕಾದಿದೆಯೇನೋ ಎಂದು ಒಂದೊಂದು ಸಲ ಎದೆ ಹೊಡೆದುಕೊಳ್ಳುತ್ತದೆ. ಬೆಳಿಗ್ಗೆ ಔಷಧಿ ಅಂಗಡಿಯ ಫಲಕ ಓದುತ್ತೇನೆ, ಹಿಟ್ಟಿನ ಚೀಲದ ಮೇಲಿನದು ಓದುತ್ತೇನೆ, ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಹತ್ತುವ ಮುಂಚೆಯೇ ಗೊತ್ತಿರುತ್ತದೆ. ತರಗತಿ ಉಳಿಯಿತು. ಪರೀಕ್ಷೆ ಒಂದೇ ಬಾಕಿ. ಹೆಸರು ಕೊಡಲು ಈ ತಿಂಗಳ 30 ಕೊನೆ. ಆನಿಸಾ ಪಟ್ಟಿಯಲ್ಲಿ ನನಗೆಂದು ಒಂದು ಸಾಲು ಖಾಲಿ ಬಿಟ್ಟಿದ್ದಾಳೆ. ಮೇಲೆ ಸಮೀರಾ, ಕೆಳಗೆ ತೌನಿಸಾ, ನಡುವೆ ಬಿಳಿ. ಅದರ ಮುಂದೆ ಹಾದುಹೋಗುವಾಗ ಮುಖ ಆಚೆ ತಿರುಗಿಸಿಕೊಂಡು ಹೋಗುತ್ತೇನೆ.

ರಮದಾನ್ ಹತ್ತಿರ ಬಂತು. ನಿನ್ನ ಸಕ್ಕರೆ ಕಾಯಿಲೆ ನೋಡಿಕೊಂಡು ಉಪವಾಸ ಹಿಡಿ, ಡಾಕ್ಟರನ್ನು ಕೇಳದೆ ಹಿಡಿಯಬೇಡ. ಬಾದಾಮಿ ಕಳಿಸುತ್ತಿದ್ದೇನೆ, ಸಿಪ್ಪೆ ಸುಲಿದೇ ಇದೆ. ನಿನ್ನ ಮನೆಯ ಬಾಗಿಲಿಗೆ ಒಳ್ಳೆಯ ಸುದ್ದಿ ಬಿಟ್ಟು ಬೇರೆ ಯಾವುದೂ ಬರದಿರಲಿ, ನಿನ್ನ ಮಕ್ಕಳು ನಿನ್ನ ಕೈ ಹಿಡಿದು ನಡೆಸಲಿ, ದೇವರು ನನ್ನ ಆಯುಷ್ಯದಿಂದ ತೆಗೆದು ನಿನಗೆ ಕೊಡಲಿ. ಪೂರ್ತಿ ಅಲ್ಲ, ಸ್ವಲ್ಪ.

ನಿನ್ನ ಅಕ್ಕ,
ಮಬ್ರೂಕಾ

ತಾಜಾಕಲಮು:

ಇದನ್ನು ಬರೆಯಬೇಕೋ ಬೇಡವೋ ಎಂದು ಮೂರು ದಿನ ಕವರು ಅಂಟಿಸದೆ ಇಟ್ಟುಕೊಂಡಿದ್ದೆ. ಎಲ್ಲರೂ ಕೇಳುವಾಗ ನಾನೂ ಇನ್ನೊಂದು ಅರ್ಜಿ ಹಾಕಿದ್ದೆ. ಲಝ್ಹರ್‌ಗೂ ಹೇಳಿಲ್ಲ. ನಮ್ಮ ಹಳೆಯ ಶಾಲೆಗೆ ಬರೆದು, 1972ರ ದಾಖಲೆ ಪುಸ್ತಕದಲ್ಲಿ ನನ್ನ ಹೆಸರಿರುವ ಪುಟದ ನಕಲು ಕೊಡಿ ಎಂದು ಕೇಳಿದೆ. ನನ್ನ ತಲೆ ಎಷ್ಟು ಮೊದ್ದು ಎಂದು ಒಂದು ಸಲ ಅಂಕಿಯಲ್ಲಿ ನೋಡಿಬಿಟ್ಟರೆ, ಪರೀಕ್ಷೆಯ ಆಸೆಯನ್ನು ನೆಮ್ಮದಿಯಿಂದ ಬಿಡಬಹುದು ಅಂದುಕೊಂಡಿದ್ದೆ.

ಹೋದ ವಾರ, ಈ ಕಾಗದ ಮುಗಿಯುವ ಮುಂಚೆಯೇ, ಮಂಗಳವಾರ ಉತ್ತರ ಬಂತು. ಹೆಸರು, ಬಾಬಾನ ಹೆಸರು, ತರಗತಿ ನಾಲ್ಕು, ಮಕ್ಕಳು ಒಟ್ಟು 31. ಶಾಲೆ ಬಿಟ್ಟ ಕಾರಣ: ‘ತಂದೆಯ ಕೋರಿಕೆ. ಮನೆಯಲ್ಲಿ ಕೆಲಸಕ್ಕೆ ಬೇಕು.’ ಅದರ ಕೆಳಗೆ ಆಗಿನ ಮೇಷ್ಟ್ರ ಅಕ್ಷರ: ‘ಬಿಡಿಸಬೇಡಿ ಎಂದು ಎರಡು ಸಲ ಹೇಳಿದೆ.’ ತಲೆಯ ಮಾತು ಎಲ್ಲಿಯೂ ಇಲ್ಲ. ನೀನು ಒಂದನೇ ತರಗತಿಗೆ ಸೇರಿದ್ದು ಅದೇ ವಾರ. ನನ್ನ ನೀಲಿ ಶಾಲೆಯಂಗಿಯನ್ನು ಉಮ್ಮಿ ಕತ್ತರಿಸಿ ನಿನ್ನ ಅಳತೆಗೆ ಹೊಲಿದದ್ದು ನನಗೆ ನೆನಪಿದೆ. ಗುಂಡಿ ಹಾಕಿದವಳು ನಾನೇ. ಇದಕ್ಕಾಗಿ ನೀನು ಅಳಕೂಡದು, ನನ್ನ ಮೇಲಾಣೆ. ಇಬ್ಬರನ್ನೂ ಕಳಿಸಲಾಗದೆ ಹೋದದ್ದನ್ನು ಬಾಬಾ ಯಾರಿಗೂ ಹೇಳಲಾರದೆ ಹೋದರೇನೋ. ಆದರೆ ತಲೆಗೆ ಹತ್ತುವುದಿಲ್ಲ ಎಂದು ನನ್ನನ್ನು ನೋಡಲು ಬಂದ ಗಂಡಿನ ಮನೆಯವರ ಮುಂದೆಯೂ ಹೇಳಿದರಲ್ಲ ನಜೀಹಾ, ನಾನು ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಗೋರಿಯ ಹತ್ತಿರ ಹೋಗಿ ಯಾಕೆ ಎಂದು ಕೇಳೋಣ ಅನ್ನಿಸಿತು. ಹೋಗಲಿಲ್ಲ. ಅಲ್ಲಿ ಇಪ್ಪತ್ತು ದಿನದ ನಿಯಮ ಇಲ್ಲವಲ್ಲ.

ನಕಲನ್ನು ಇದರ ಜೊತೆ ಇಟ್ಟಿದ್ದೇನೆ. ಕೊನೆಯ ಅಂಕಣದಲ್ಲಿ, ತರಗತಿಯಲ್ಲಿ ಎಷ್ಟನೆಯವಳು ಎಂಬ ಕಡೆ, 2 ಎಂದಿದೆ. ಪಕ್ಕದಲ್ಲಿ ಒಂದು ಶಾಯಿಯ ಕಲೆ ಇದೆ. ಕಲೆಯ ಕೆಳಗೆ ಇನ್ನೊಂದು ಅಂಕಿ ಅಡಗಿದೆಯೋ, ಅಂದರೆ ಇಪ್ಪತ್ತೆರಡೋ ಇಪ್ಪತ್ತೊಂಬತ್ತೋ, ನನಗೆ ತಿಳಿಯುತ್ತಿಲ್ಲ. ಒಂಬತ್ತು ಸಲ ನೋಡಿದೆ, ಬಿಸಿಲಿಗೆ ಹಿಡಿದೂ ನೋಡಿದೆ. ನೀನು ಸಾವಿರಾರು ಮಕ್ಕಳ ಅಂಕಿ ನೋಡಿದವಳು. ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿನಲ್ಲಿ, ಅದು ಬರೀ ಎರಡೇ ಹೌದೋ ಎಂದು ಇನ್ನೊಂದು ಸಲ ನೋಡಿ, 30ರೊಳಗೆ ತಿಳಿಸು.